ಗೋಡೆಯಾಚೆಯ ಜರ್ದಾಳು

ಹೋದ ವರ್ಷ ಧಾರವಾಡದಲ್ಲಿ ನನ್ನ ತಂಗಿ ಶಾರದೆಯ ಮನೆಗೆ ಹೋಗಿದ್ದೆ. ಅವಳ ಸೊಸೆ ಅಡುಗೆಮನೆಯಲ್ಲಿ ಏನನ್ನೋ ಸಣ್ಣ ಉರಿಯಲ್ಲಿ ಬೇಯಿಸುತ್ತ ನಿಂತಿದ್ದಳು. ಕಟ್ಟೆಯ ಮೇಲೆ ಕೆಂಪು ಹಳದಿ ಬಣ್ಣದ ಒಂದಿಷ್ಟು ಹಣ್ಣು. ಇವು ನೆಕ್ಟರಿನ್, ಪೀಚ್ ಹಣ್ಣಿನ ಜಾತಿಯವೇ, ಆದರೆ ಸಿಪ್ಪೆ ನುಣ್ಣಗೆ ಇರುತ್ತದೆ ಎಂದು ನನಗೆ ತಿಳಿಸಿ ಹೇಳಿದಳು. ತಂದ ಎರಡೇ ದಿನಕ್ಕೆ ಮೆತ್ತಗಾಗಿದ್ದವಂತೆ. ಕೆಡುವ ಮೊದಲು ಸಕ್ಕರೆ ಹಾಕಿ ಕಾಂಪೋಟ್ ಮಾಡುತ್ತಿದ್ದೇನೆ ಅಂದಳು. ಹೆಸರು ಏನಾದರೂ ಇರಲಿ, ಕೆಡಲಿರುವ ಹಣ್ಣನ್ನು ಸಕ್ಕರೆಯ ಕೈಗೆ ಒಪ್ಪಿಸಿ ಉಳಿಸಿಕೊಳ್ಳುವ ಬುದ್ಧಿ ಎಲ್ಲ ಊರಿನ ಹೆಂಗಸರಿಗೂ ಇದೆ. ಇದಕ್ಕೆ ನಮ್ಮ ಕಡೆ ಗುಳಂಬ ಅಂತಾರಮ್ಮ ಎಂದು ನಾನು ಚೇಷ್ಟೆ ಮಾಡಿದೆ. ಅವಳು ನಗುತ್ತ ಮುಚ್ಚಳ ತೆಗೆದಳು.

ಆ ವಾಸನೆ ಬಂದದ್ದೇ ನಾನು ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟೆ. ಹುಳಿ, ಸಿಹಿ, ಅದರೊಳಗೆಲ್ಲೋ ಬಾದಾಮಿಯ ಒಂದು ಎಳೆ. ಶಾರದೆ ಬಿ.ಪಿ. ಗುಳಿಗೆ ತಗೊಂಡಿದ್ದೀಯೇನು ಎಂದು ಗಾಬರಿಯಿಂದ ಕೇಳಿದಳು. ಗುಳಿಗೆಯ ಮಾತಲ್ಲ ಅದು. ಅರವತ್ತು ವರ್ಷಕ್ಕೂ ಹಿಂದಿನ ಒಂದು ಬೇಸಿಗೆ ನನ್ನ ಮೂಗಿಗೆ ಬಂದು ಹೊಡೆದಿತ್ತು. ಇಷ್ಟು ವರ್ಷ ಅದನ್ನು ಯಾರಿಗೂ ಸರಿಯಾಗಿ ಹೇಳಿಲ್ಲ. ಹೇಳದೆ ಹೋದರೆ ನನ್ನಂಥ ಕೃತಘ್ನಳು ಇನ್ನೊಬ್ಬಳಿಲ್ಲ ಎಂದು ಆವತ್ತೇ ಅನ್ನಿಸಿತು.

ನನ್ನ ತವರು ತಡಸ. ಮದುವೆಯಾಗಿ ಸವಣೂರಿಗೆ ಬಂದಾಗ ನನಗೆ ಹದಿನೆಂಟು. ಅವ್ವ ನಾನು ಸಣ್ಣವಳಿದ್ದಾಗಲೇ ಹೋಗಿದ್ದಳು. ಗಂಡನ ಮನೆಯವರಿಗೆ ಊರ ಹೊರಗೆ ಎಲೆಬಳ್ಳಿಯ ತೋಟವಿತ್ತು. ಪಕ್ಕದ ಮನೆಯ ಇಮಾಮಸಾಬರು ನಮ್ಮ ತೋಟದ ಎಲೆ ಕೊಂಡು, ಪೆಂಡಿ ಕಟ್ಟಿಸಿ, ಯಲವಿಗಿ ಸ್ಟೇಷನ್ನಿನಿಂದ ಮುಂಬೈಗೆ ಕಳಿಸುತ್ತಿದ್ದರು. ವರ್ಷಕ್ಕೆರಡು ಸಲ ತಾವೇ ಹೋಗಿ ಬರುತ್ತಿದ್ದರು. ಅವರ ಹೆಂಡತಿ ಖೈರುಂಬಿ. ಎತ್ತರದ ಆಳು, ದೊಡ್ಡ ದನಿ. ಅಡುಗೆಯಲ್ಲಿ ಆಕೆಯ ಕೈಗುಣ ಆ ಓಣಿಗೆಲ್ಲ ಗೊತ್ತಿತ್ತು. ಮೂಗಿನ ಗುಣ ನನಗೆ ಆಮೇಲೆ ಗೊತ್ತಾಯಿತು.

ನಮ್ಮ ಎರಡೂ ಹಿತ್ತಿಲುಗಳ ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ. ಅದರ ಮೇಲಿಂದ ಕರಿಬೇವು, ಮಲ್ಲಿಗೆ, ಒಲೆ ಹೊತ್ತಿಸಲು ಕೆಂಡ, ಊರ ಸುದ್ದಿ ಎಲ್ಲ ದಾಟುತ್ತಿದ್ದವು. ಬೇಯಿಸಿದ್ದು ಮಾತ್ರ ಆ ಕಡೆಯಿಂದ ಈ ಕಡೆ ದಾಟುತ್ತಿರಲಿಲ್ಲ. ನಮ್ಮ ಅತ್ತೆ ನೀಲಗಂಗವ್ವ ಲಿಂಗಪೂಜೆ ಆಗದೆ ಹನಿ ನೀರು ಬಾಯಿಗೆ ಹಾಕುವವರಲ್ಲ. ಅನ್ಯರ ಮನೆಯ ಅಡುಗೆ ಎಂದರೆ ಮಾರು ದೂರ. ಪೇಟೆಯಿಂದ ತಂದ ಖಾರಾವನ್ನು ಮಾತ್ರ ಯಾರು ಕರಿದರು, ಯಾರು ಕಲಸಿದರು ಎಂದು ಕೇಳದೆ ಮುಷ್ಟಿಗಟ್ಟಲೆ ತಿನ್ನುತ್ತಿದ್ದರು. ಇದರ ನ್ಯಾಯ ಏನೆಂದು ಒಮ್ಮೆ ಕೇಳಿ ಚೆನ್ನಾಗಿ ಬೈಸಿಕೊಂಡಿದ್ದೇನೆ.

ನಮ್ಮ ಭಾಗ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಎರಡೋ ಮೂರೋ ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ನಾನು ಮೂರನೆಯ ಸಲ ಬಸುರಿ. ಮೊದಲನೆಯದು ಮೂರು ತಿಂಗಳಿಗೆ ಹೋಗಿತ್ತು. ಎರಡನೆಯದು ಐದಕ್ಕೆ. ಎರಡನೆಯದಕ್ಕೆ ಕೈಕಾಲು ಮೂಡಿದ್ದವು ಎಂದು ಸೂಲಗಿತ್ತಿ ಅತ್ತೆಯ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಆ ಮಾತು ಕೇಳಿದ ಮೇಲೆ ನಾನು ಬಹಳ ದಿನ ಕನ್ನಡಿ ನೋಡಿಕೊಳ್ಳಲಿಲ್ಲ. ಈ ಸಲವಾದರೂ ಹೊಟ್ಟೆಯಲ್ಲಿದ್ದದ್ದು ನಿಲ್ಲಬೇಕು, ಅದೊಂದೇ ನನ್ನ ಧ್ಯಾನವಾಗಿತ್ತು. ಆದರೆ ಮೂರು ತಿಂಗಳು ಕಳೆದರೂ ಅನ್ನ ಒಳಗೆ ನಿಲ್ಲುತ್ತಿರಲಿಲ್ಲ. ರೊಟ್ಟಿ ಸುಡುವ ವಾಸನೆ ಬಂದರೆ ಸಾಕು, ಬಚ್ಚಲಿಗೆ ಓಡುತ್ತಿದ್ದೆ. ಮಜ್ಜಿಗೆ ನಿಲ್ಲಲಿಲ್ಲ, ಗಂಜಿ ನಿಲ್ಲಲಿಲ್ಲ, ಅತ್ತೆ ನಿಂಬೆಹಣ್ಣಿಗೆ ಉಪ್ಪು ಸವರಿ ಕೊಟ್ಟದ್ದೂ ನಿಲ್ಲಲಿಲ್ಲ. ಕೈಬಳೆ ಮೊಣಕೈವರೆಗೆ ಸರಿಯುತ್ತಿದ್ದವು. ಸರ್ಕಾರಿ ದವಾಖಾನೆಯ ಡಾಕ್ಟರು ನಾಡಿ ನೋಡಿ, ಹೀಗೇ ಆದರೆ ಕೂಸು ನಿಲ್ಲುವುದು ಕಷ್ಟ, ತಾಯಿಗೂ ಒಳ್ಳೆಯದಲ್ಲ, ಏನಾದರೂ ಮಾಡಿ ಊಟ ಹೋಗುವ ಹಾಗೆ ಮಾಡಿ ಎಂದರು.

ಅತ್ತೆಯ ಹೆದರಿಕೆ ಬೈಗುಳವಾಗಿ ಹೊರಗೆ ಬರುತ್ತಿತ್ತು. ತಿನ್ನದಿದ್ದರೆ ಬೈಗುಳ, ತಿಂದು ಕಾರಿದರೆ ಇನ್ನೂ ಹೆಚ್ಚು. ಬೈದು ಬೈದು ಸುಸ್ತಾಗಿ ಕೂಸಿನ ಕೌದಿ ಹೊಲಿಯಲು ಕೂಡುವರು. ಹಳೆಯ ಸೀರೆಯ ತುಂಡುಗಳನ್ನೆಲ್ಲ ಜೋಡಿಸಿ, ಕಣ್ಣು ಕಾಣದಿದ್ದರೂ ಸೂಜಿಗೆ ದಾರ ತಾವೇ ಪೋಣಿಸಿ, ದಿನಕ್ಕೊಂದು ಗೇಣು ಹೊಲಿಯುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ಅವರ ಬೈಗುಳ ನನಗೆ ತಾಗುತ್ತಿರಲಿಲ್ಲ.

ಇಂಥದ್ದರಲ್ಲಿ ಇಮಾಮಸಾಬರು ಮುಂಬೈಯಿಂದ ಬಂದರು. ಮರುದಿನ ಮಧ್ಯಾಹ್ನ ನಾನು ಹಿತ್ತಿಲ ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗಿದ್ದೆ. ಗೋಡೆಯಾಚೆಯಿಂದ ಒಂದು ವಾಸನೆ ಬಂತು. ವಾಸನೆ ಎಂದರೆ ಹೊಟ್ಟೆ ತೊಳೆಸುತ್ತಿದ್ದ ನನಗೆ ಅವತ್ತು ಬಾಯಲ್ಲಿ ನೀರು ಬಂತು. ಎದ್ದು ಕುಳಿತು, ಅದೇನದು ಎಂದು ಅತ್ತೆಯನ್ನು ಕೇಳಿದೆ. ತಿಂಗಳುಗಳ ನಂತರ ನಾನಾಗಿಯೇ ತಿನ್ನುವುದರ ಸುದ್ದಿ ಎತ್ತಿದ್ದೆ. ಅತ್ತೆ ಗೋಡೆಯ ಕಡೆ ನೋಡಿದರು.

ಖೈರುಂಬಿಯ ಮಗಳು ಜೈನಾಬಿಯನ್ನು ಬಂಕಾಪುರಕ್ಕೆ ಕೊಟ್ಟಿದ್ದರು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಆಗ ಏಳು ತಿಂಗಳು. ಅವಳ ಬಯಕೆಗೆಂದು ಇಮಾಮಸಾಬರು ಒಂದು ಚೀಲ ಜರ್ದಾಳು ತಂದಿದ್ದರು. ಕಾಬೂಲಿನ ಕಡೆಯಿಂದ ಬರುವ ಒಣಹಣ್ಣು, ಕಂದುಬಣ್ಣದ್ದು, ಒಳಗೆ ಬೀಜ ಇರುವಂಥದ್ದು. ಖೈರುಂಬಿಗೆ ನನ್ನ ಪ್ರಶ್ನೆ ಕೇಳಿಸಿತ್ತು. ಬೇಯಿಸಿದ್ದನ್ನು ಆಕೆ ಎತ್ತಿ ತೋರಿಸಲೂ ಇಲ್ಲ. ಒಳಗೆ ಹೋಗಿ, ಹಸಿ ಬಾಳೆಲೆಯಲ್ಲಿ ಎರಡು ಬೊಗಸೆ ಒಣಹಣ್ಣು ಕಟ್ಟಿ ತಂದು ಗೋಡೆಯ ಮೇಲಿಟ್ಟಳು.

"ಬೇಯಿಸಿದ್ದು ನಾ ಕೊಡಂಗಿಲ್ಲ, ನೀವು ತಗೊಳ್ಳಂಗಿಲ್ಲ," ಅಂದಳು. "ಇದಕ್ಕೇನೈತ್ರಿ ಅಕ್ಕಾರ, ಗಿಡದ ಮ್ಯಾಲಿಂದ ಬಂದ ಹಣ್ಣು. ನಿಮ್ಮ ಒಲಿ ಮ್ಯಾಲ ನೀವ ಮಾಡಿ ಕೊಡ್ರಿ."

ಅತ್ತೆ ಹಣ್ಣನ್ನು ಮೂರು ಸಲ ತೊಳೆದರು. ಹೇಗೆ ಮಾಡುವುದು ಎಂದು ಮಾತ್ರ ಕೇಳಲಿಲ್ಲ. ನಲವತ್ತು ವರ್ಷ ಒಲೆಯ ಮುಂದೆ ಕುಳಿತವರು ಪಕ್ಕದ ಮನೆಯವಳ ಹತ್ತಿರ ಹಣ್ಣು ಬೇಯಿಸುವುದನ್ನು ಕೇಳುವುದೇ? ಒಣಹಣ್ಣೆಂದರೆ ಅವರಿಗೆ ಗೊತ್ತಿದ್ದದ್ದು ಉತ್ತತ್ತಿ. ಉತ್ತತ್ತಿಯನ್ನು ಹಾಲಲ್ಲಿ ಬೇಯಿಸಿ ಬಸುರಿಗೂ ಬಾಣಂತಿಗೂ ಕೊಡುವುದು ನಮ್ಮಲ್ಲಿ ರೂಢಿ. ಅದೇ ಲೆಕ್ಕ ಇದಕ್ಕೂ ಹಿಡಿದರು. ಬೆಳಿಗ್ಗೆ ನಮ್ಮ ಎಮ್ಮೆಯ ಹಾಲು ಕಾಯಿಸಿ, ನೆನೆದ ಜರ್ದಾಳು ಅದರಲ್ಲಿ ಹಾಕಿದರು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಆಸೆಯಿಂದ ಕುಳಿತಿದ್ದೆ. ಎರಡು ಸಲ ಸೌಟು ತಿರುವಿದ್ದಾರೋ ಇಲ್ಲವೋ, ಬೋಗಾಣಿಯ ಅಂಚಿನಲ್ಲಿ ನೀರು ಬಿಟ್ಟಿತು. ನೋಡನೋಡುತ್ತ ಹಾಲು ಗಡ್ಡೆಗಡ್ಡೆಯಾಗಿ ಒಡೆದುಹೋಯಿತು.

ಅತ್ತೆಯ ಕೈಯಲ್ಲಿ ಸೌಟು ಹಾಗೇ ನಿಂತಿತು. "ಹೋತು," ಅಂದರು. ಏನು ಹೋಯಿತು ಎಂದು ನಾನು ಕೇಳಲಿಲ್ಲ.

ಬಸುರಿ ಇರುವ ಮನೆಯಲ್ಲಿ ಒಲೆಯ ಮೇಲೆ ಹಾಲು ಒಡೆಯಬಾರದು. ಇದನ್ನು ನನಗೆ ಯಾರೂ ಕೂರಿಸಿ ಹೇಳಿಕೊಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿದ್ದ ಹಾಗೆ ನನಗೂ ಗೊತ್ತಿತ್ತು. ಸಾಲದ್ದಕ್ಕೆ, ಎರಡನೆಯದು ಹೋದ ದಿನ ಮುಂಜಾನೆಯೂ ನಮ್ಮ ಮನೆಯಲ್ಲಿ ಹಾಲು ಒಡೆದಿತ್ತು. ಬೇಸಿಗೆಯಲ್ಲಿ ಹಿಂದಿನ ದಿನದ ಹಾಲು ಒಡೆಯದೆ ಇನ್ನೇನು ಮಾಡೀತು ಎಂದು ಈಗ ಹೇಳುತ್ತೇನೆ. ಆಗ ಹಾಗೆ ಅಂದುಕೊಳ್ಳುವ ಧೈರ್ಯ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ. ಅತ್ತೆ ಬೋಗಾಣಿಯನ್ನು ಹಿತ್ತಿಲಿಗೆ ಒಯ್ದು ಗಿಡದ ಬುಡಕ್ಕೆ ಸುರಿದರು. ಒಳಗೆ ಬಂದು, ಹೊಲಿಯುತ್ತಿದ್ದ ಕೌದಿಯನ್ನು ಸೂಜಿಯ ಸಮೇತ ಮಡಚಿ ಟ್ರಂಕಿನಲ್ಲಿ ಇಟ್ಟರು. ಅವತ್ತಿನಿಂದ ಬೈಯುವುದನ್ನು ಬಿಟ್ಟರು. ತಿನ್ನು ಎನ್ನಲೂ ಇಲ್ಲ. ಅವರು ಬೈಯದಿದ್ದದ್ದಕ್ಕೆ ನಾನು ಹೆದರಿದಷ್ಟು ಜೀವನದಲ್ಲಿ ಇನ್ನಾವುದಕ್ಕೂ ಹೆದರಿಲ್ಲ. ಎರಡು ದಿನ ನೀರು ಬಿಟ್ಟರೆ ಏನೂ ಬಾಯಿಗೆ ಹಾಕದೆ ಗೋಡೆಯ ಕಡೆ ಮುಖ ಮಾಡಿ ಮಲಗಿದೆ.

ಮೂರನೆಯ ದಿನ ಖೈರುಂಬಿ ಗೋಡೆಯ ಹತ್ತಿರ ಬಂದು ಅತ್ತೆಯನ್ನು ಕರೆದಳು. ಮೊನ್ನೆ ಮುಂಜಾನೆ ಒಡೆದ ಹಾಲಿನ ವಾಸನೆ ಬಂದಿತ್ತು, ಜರ್ದಾಳನ್ನು ಹಾಲಿಗೆ ಹಾಕಿದಿರೇನು ಎಂದು ಕೇಳಿದಳು. ಅತ್ತೆ ಮೊದಲು ಏನೂ ಇಲ್ಲ ಎಂದರು. ಆಮೇಲೆ ಗೋಡೆಗೆ ಎರಡೂ ಕೈ ಊರಿ ನಿಂತು, ಮೆಲ್ಲನೆ, ಹಾಲು ಒಡೆದದ್ದು, ಹಿಂದೆಯೂ ಹಾಗೇ ಆಗಿದ್ದು, ಈ ಸಲವೂ ಕೂಸು ದಕ್ಕುವುದಿಲ್ಲ ಎನ್ನುವುದು, ಎಲ್ಲ ಹೇಳಿಬಿಟ್ಟರು. ನಮ್ಮ ಅತ್ತೆ ಅಳುವುದನ್ನು ನಾನು ಕೇಳಿದ್ದು ಅದೊಂದೇ ಸಲ.

ಖೈರುಂಬಿ ಒಳಗೆ ಹೋದಳು. ಬರುವಾಗ ಕೈಯಲ್ಲಿ ಇದ್ದಿಲಿನ ಶೇಗಡಿ ಇತ್ತು. ಅದನ್ನು ಗೋಡೆಯ ಬುಡದಲ್ಲಿ, ಅತ್ತೆಗೆ ಕಾಣುವ ಹಾಗೆ ಇಟ್ಟಳು. ಮತ್ತೆ ಹೋಗಿ ಒಂದು ಪಾತ್ರೆ ಹಾಲು ತಂದಳು. ಜೈನಾಬಿಯನ್ನು ಕರೆದು ಪಕ್ಕದಲ್ಲೇ ಮಣೆಯ ಮೇಲೆ ಕೂರಿಸಿದಳು. ನಾನು ಹೊರಸಿನಿಂದ ಏಳಲಿಲ್ಲ. ನನಗೆ ಕಾಣುತ್ತಿದ್ದದ್ದು ಅತ್ತೆಯ ಬೆನ್ನು, ಅದರಾಚೆ ಖೈರುಂಬಿಯ ತಲೆಯ ಮೇಲಿನ ಸೆರಗು, ಅಷ್ಟೆ. ಹಾಲು ಕಾಯುವ ವಾಸನೆ ಬಂತು. ಆಮೇಲೆ ಖೈರುಂಬಿಯ ದನಿ ಕೇಳಿತು.

"ನೋಡ್ರಿ ಅಕ್ಕಾರ, ಈಗ ಹಾಕಾಕತ್ತೇನಿ."

ಸೌಟು ಪಾತ್ರೆಗೆ ತಾಗಿದ ಸದ್ದು.

"ಒಡೀತು. ನಮ್ಮ ಮನ್ಯಾಗೂ ಒಡೀತು. ನನ್ನ ಮಗಳು ಇಲ್ಲೇ ಹೊಟ್ಟಿ ಹೊತಗೊಂಡು ಕುಂತಾಳ. ಇದು ಹುಳಿ ಹಣ್ಣಿನ ಗುಣ ಐತ್ರಿ, ಯಾರ ಹಣೆಬರಾನೂ ಅಲ್ಲ. ಮಾವಿನಕಾಯಿ ಗುಳಂಬಕ್ಕ ನೀವು ಹಾಲ ಹಾಕ್ತೀರೇನ್ರಿ?"

ಅತ್ತೆ ಬಹಳ ಹೊತ್ತು ಅಲ್ಲೇ ನಿಂತರು. ಏನು ನೋಡುತ್ತಿದ್ದಾರೆ ಎಂದು ನನಗೆ ತಿಳಿಯಲಿಲ್ಲ. ಕಡೆಗೆ ಸೆರಗಿನಿಂದ ಮೂಗು ಒರೆಸಿಕೊಂಡು, "ಹಣ್ಣ ಇನ್ನ ಅದಾವೇನು ಖೈರುಂಬಿ? ಹೆಂಗ ಮಾಡೂದು ಹೇಳು," ಅಂದರು.

ಹೀಗೆ ನಮ್ಮ ಅತ್ತೆ ಐವತ್ತೈದನೆಯ ವಯಸ್ಸಿಗೆ ಹೊಸ ಅಡುಗೆ ಕಲಿಯತೊಡಗಿದರು. ಹೇಳಿಕೊಡುವವಳು ಗೋಡೆಯ ಆಚೆ, ಮಾಡುವವರು ಈಚೆ. ಹಿತ್ತಿಲಲ್ಲೇ ಮೂರು ಕಲ್ಲು ಹೂಡಿ ಒಲೆ ಮಾಡಿದರು. ಹಣ್ಣನ್ನು ಒಂದು ದಿನ ನೆನೆಹಾಕಬೇಕು. ನೆನೆಸಿದ ನೀರನ್ನು ಚೆಲ್ಲಬಾರದು, ಅದರಲ್ಲೇ ಬೇಯಿಸಬೇಕು. ಪಾತ್ರೆಗೆ ಕಲಾಯಿ ಇರಲೇಬೇಕು. ಮೆತ್ತಗಾದ ಮೇಲೆ ಬೀಜ ತೆಗೆದು, ತಿರುಳನ್ನು ಸೌಟಿನಿಂದ ಅರ್ಧ ಮಾತ್ರ ಹಿಸುಕಬೇಕು. ಸಕ್ಕರೆ ಕಡೆಗೆ. ಮೊದಲೇ ಹಾಕಿದರೆ ಹಣ್ಣು ಬೇಯದೆ ಗಟ್ಟಿಯಾಗಿ ಕೂತುಬಿಡುತ್ತದೆ. ದೇವರಿಗೆ ಎಡೆ ಹಿಡಿಯುವ ಮೊದಲು ಅತ್ತೆ ರುಚಿ ನೋಡುವ ಹಾಗಿಲ್ಲ. ಖೈರುಂಬಿ ಮುಟ್ಟುವ ಹಾಗಿಲ್ಲ. ಹಾಗಾಗಿ ಎಲ್ಲವೂ ಆಕೆಯ ಮೂಗಿನ ಮೇಲೆ ನಡೆಯಿತು. ತನ್ನ ಹಿತ್ತಿಲಲ್ಲಿ ಅಕ್ಕಿ ಆರಿಸುತ್ತ ಕುಳಿತವಳು ಇದ್ದಕ್ಕಿದ್ದಂತೆ ತಲೆ ಎತ್ತಿ, ಉರಿ ಹೆಚ್ಚಾಯಿತು ಎನ್ನುವಳು. ನೋಡಿದರೆ ತಳ ಹಿಡಿಯುವುದರಲ್ಲಿರುತ್ತಿತ್ತು. ಈಗ ಸಕ್ಕರೆ ಹಾಕಿ ಎನ್ನುವಳು. ಅತ್ತೆ ಹಾಕುವರು. ನಲವತ್ತು ವರ್ಷದ ಒಲೆಯ ಗರ್ವ ಎಲ್ಲಿ ಹೋಗಿತ್ತೋ.

ಬೀಜ ಒಡೆಯುವ ಕೆಲಸ ನನ್ನದು. ಗುಂಡುಕಲ್ಲಿನಿಂದ ಮೆತ್ತಗೆ ಒಂದೇಟು ಹಾಕಿದರೆ ಒಳಗೆ ಬಾದಾಮಿಯಂಥ ಸಣ್ಣ ಬೇಳೆ. ಕೆಲವು ಕಹಿ ಇರುತ್ತವೆ, ಒಂದು ಕಹಿ ಬಿದ್ದರೂ ಇಡೀ ಪಾತ್ರೆ ಹಾಳು, ಅಂಥವನ್ನು ಬಿಸಾಡಬೇಕು ಎಂದು ಖೈರುಂಬಿ ಎಚ್ಚರಿಸಿದ್ದಳು. ಜೈನಾಬಿ ತನ್ನ ಕಡೆ ಕುಳಿತು ಅದೇ ಕೆಲಸ ಮಾಡುತ್ತಿದ್ದಳು. ಗೋಡೆಯ ಎರಡೂ ಕಡೆ ಟಕ್ ಟಕ್ ಎಂದು ಕಲ್ಲಿನ ಸದ್ದು. ಅವರ ಮನೆಯಲ್ಲಿ ಮೇಲೆ ಹಾಲಿನ ಕೆನೆ ಹಾಕುವುದು ರೂಢಿಯಂತೆ. ಅದನ್ನು ಹೇಳಿದಾಗ ನಮ್ಮ ಅತ್ತೆ, ಹಾಲಿನ ಸುದ್ದಿಯನ್ನೇ ಎತ್ತಬೇಡ ಎಂದು ಕೈ ಮುಗಿದರು. ಎರಡೂ ಹಿತ್ತಿಲಲ್ಲಿ ಎಲ್ಲರೂ ನಕ್ಕೆವು.

ಮೊದಲ ದಿನ ಎರಡು ಚಮಚ ತಿಂದೆ. ಅತ್ತೆ ನನ್ನ ಬಾಯನ್ನೇ ನೋಡುತ್ತ ಎದುರಿಗೆ ಕುಳಿತಿದ್ದರು. ನಾಲಿಗೆಯ ಮೇಲೆ ಮೊದಲು ಹುಳಿ ಬಂತು, ಹಿಂದೆಯೇ ಸಿಹಿ. ಒಂದು ತಾಸು ಕಳೆಯಿತು, ಎರಡು ತಾಸು ಕಳೆಯಿತು, ಹೊಟ್ಟೆ ಸುಮ್ಮನಿತ್ತು. ಸಂಜೆ ಮತ್ತೆ ಕೇಳಿ ಹಾಕಿಸಿಕೊಂಡೆ. ಮರುದಿನ ಅದನ್ನೇ ಹಚ್ಚಿಕೊಂಡು ಕಾಲು ರೊಟ್ಟಿ ತಿಂದೆ. ವಾರ ಕಳೆಯುವಷ್ಟರಲ್ಲಿ ಅನ್ನ ಹೋಗತೊಡಗಿತು. ಜರ್ದಾಳು ಮುಗಿದಾಗ ಅತ್ತೆ ಮಾವಿನಕಾಯಿ ತುರಿದು ಬೆಲ್ಲ ಹಾಕಿ ಗುಳಂಬ ಮಾಡಿದರು. ಅದರಲ್ಲಿ ಒಂದು ಭರಣಿ ಗೋಡೆಯ ಆಚೆ ಜೈನಾಬಿಗೆ ಹೋಯಿತು. ಮುಂದಿನ ಸಲ ಇಮಾಮಸಾಬರು ಹುಬ್ಬಳ್ಳಿಯಿಂದ ಆಲೂಬುಖಾರಾ ಎಂಬ ಇನ್ನೊಂದು ಹುಳಿ ಒಣಹಣ್ಣು ತಂದುಕೊಟ್ಟರು. ಅಷ್ಟು ಹೊತ್ತಿಗೆ ಅತ್ತೆ ಪಂಡಿತರಾಗಿದ್ದರು. ಹತ್ತಿಮತ್ತೂರಿನಿಂದ ಬಂದ ತಮ್ಮ ತಂಗಿಗೆ, ಸಕ್ಕರೆ ಮೊದಲೇ ಹಾಕಬಾರದು ಎನ್ನುವುದನ್ನು ತಾವೇ ಕಂಡುಹಿಡಿದವರಂತೆ ಹೇಳಿಕೊಡುತ್ತಿದ್ದರು. ಗೋಡೆಯಾಚೆ ಖೈರುಂಬಿ ಕೆಮ್ಮಿದ್ದು ನನಗೆ ಕೇಳಿಸಿತು.

ಮುಂಗಾರು ಹಿಡಿಯಿತು. ನನ್ನ ಐದು ತಿಂಗಳು ತುಂಬಿದ ಮರುದಿನ ಅತ್ತೆ ಯಾರಿಗೂ ಹೇಳದೆ ಟ್ರಂಕು ತೆಗೆದು ಕೌದಿಯನ್ನು ಹೊರಗೆ ತಂದರು. ಸೂಜಿಗೆ ತುಕ್ಕು ಹಿಡಿದಿತ್ತು, ಹೊಸದು ತರಿಸಿದರು. ಮಳೆಯ ನಡುವೆ ಜೈನಾಬಿಗೆ ಗಂಡುಮಗು ಆಯಿತು. ದೀಪಾವಳಿಯ ಹಿಂದಿನ ವಾರ ನನಗೆ ಮಗಳು ಹುಟ್ಟಿದಳು. ಸಣ್ಣ ಕೂಸು, ಆದರೆ ಅವಳ ಅಳು ಪಕ್ಕದ ಮನೆಗೆ ಕೇಳುವಷ್ಟು ಜೋರಾಗಿತ್ತು. ಖೈರುಂಬಿ ಗೋಡೆಯ ಹತ್ತಿರ ಬಂದು ನಿಂತು ಕೇಳಿಸಿಕೊಂಡಳಂತೆ.

ಇಷ್ಟಾಗಿಯೂ ನಮ್ಮ ಅತ್ತೆ ಬದಲಾಗಲಿಲ್ಲ. ಕಡೆಯವರೆಗೂ ಆ ಮನೆಯ ಒಂದು ತುತ್ತು ಬಾಯಿಗೆ ಹಾಕಲಿಲ್ಲ, ಒಂದು ಲೋಟ ನೀರು ಕುಡಿಯಲಿಲ್ಲ. ಇದು ನನಗೆ ಆಗಲೂ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಖೈರುಂಬಿ ಮಾತ್ರ ಅದನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ನನ್ನ ಮಗಳಿಗೆ ಹಾಲು ಬಿಡಿಸುವಾಗ, ಹಲ್ಲು ಬರುವಾಗ, ದಡಾರ ಎದ್ದಾಗ, ಪ್ರತಿ ಸಲವೂ ಅವಳ ದೊಡ್ಡ ದನಿ ಗೋಡೆಯ ಮೇಲಿಂದ ಬಂದು ನನಗೆ ಧೈರ್ಯ ಹೇಳಿತು. ತಾಯಿ ಇಲ್ಲದ ನನಗೆ ಆ ಓಣಿ ಇಬ್ಬರು ತಾಯಂದಿರನ್ನು ಕೊಟ್ಟಿತು. ಒಬ್ಬರು ಬೈಯುತ್ತಿದ್ದರು, ಇನ್ನೊಬ್ಬರು ನಗುತ್ತಿದ್ದರು. ನಾನು ಪುಣ್ಯವಂತಳು.

ಒಂಬತ್ತು ವರ್ಷದ ಮೇಲೆ ಖೈರುಂಬಿ ಜ್ವರ ಬಂದು ತೀರಿಕೊಂಡಳು. ನಾಲ್ಕು ದಿನ ಬಿಟ್ಟು ಮಾತಾಡಿಸಲು ಹೋದೆ. ಜೈನಾಬಿ ಬಂಕಾಪುರದಿಂದ ಬಂದಿದ್ದಳು. ಇಬ್ಬರೂ ಹಿತ್ತಿಲ ಮೆಟ್ಟಿಲ ಮೇಲೆ ಕುಳಿತೆವು. ಮಾತು ಆ ಬೇಸಿಗೆಗೆ ಬಂತು. ನಿಮ್ಮ ಅವ್ವ ಎಷ್ಟು ಧೈರ್ಯದವಳು, ಇಂಥ ಅಪಶಕುನಗಳನ್ನೆಲ್ಲ ನಂಬುತ್ತಲೇ ಇರಲಿಲ್ಲ ಎಂದೆ. ಜೈನಾಬಿ ನನ್ನನ್ನು ವಿಚಿತ್ರವಾಗಿ ನೋಡಿದಳು.

"ಅವ್ವ ನಂಬತಿದ್ದಿಲ್ಲ ಅಂತ ಯಾರ ಹೇಳಿದ್ರು?" ಅಂದಳು. "ಹಾಲ ಒಡಿಯೂದಂದ್ರ ನಿಮ್ಮತ್ತಿಗಿಂತ ಹೆಚ್ಚು ಅಂಜತಿದ್ಲು. ಅವತ್ತು ನೀವು ಒಳಗ ಹ್ವಾದ ಮ್ಯಾಲ ನನ್ನ ತಬ್ಬಕೊಂಡು ಅತ್ಲು. ನಾ ಹಡಿಯೂತನಕ ದರ್ಗಾಕ್ಕ ಹೋಗೂದು ತಪ್ಪಸಲಿಲ್ಲ. ಹಂಗಾರ ಯಾಕ ಮಾಡಿದಿ ಅಂತ ಕೇಳಿದ್ನಿ. ಒಂದ ಮನ್ಯಾಗ ಒಡದ್ರ ಅದು ಅಂಜಿಕಿ ಆಗತೈತಿ, ಎರಡೂ ಮನ್ಯಾಗ ಒಡದ್ರ ಹಣ್ಣಿನ ಗುಣ ಅಂತ ಅಕ್ಕಾರು ನಂಬತಾರ ಅಂದ್ಲು."

ತನ್ನ ಮಗಳನ್ನು, ಮಗಳ ಹೊಟ್ಟೆಯಲ್ಲಿದ್ದ ಕೂಸನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾನು ನಂಬಿದ್ದ ಅಪಶಕುನವನ್ನೇ ತಿಳಿದೂ ತಿಳಿದೂ ತನ್ನ ಮನೆಗೆ ಕರೆದುಕೊಂಡಿದ್ದಳು ಆಕೆ. ನನ್ನ ಕೂಸಿಗಾಗಿ. ಒಂಬತ್ತು ವರ್ಷ ಒಂದು ಗೋಡೆಯಾಚೆ ಇದ್ದಳು, ಒಂದು ಸಲವಾದರೂ ಹೇಳಬಹುದಿತ್ತು.

ಮನೆಗೆ ಬಂದೆ. ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಜೈನಾಬಿ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ, ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಕೈ ನಿಲ್ಲಿಸಲಿಲ್ಲ. ಮೊರವನ್ನು ಎರಡು ಸಲ ಕೇರಿ, ಹೊಟ್ಟು ಊದಿ, ಆಮೇಲೆ ಮೆಲ್ಲಗೆ ಮಾತಾಡಿದರು.

"ನನಗ ಅವತ್ತ ಗೊತ್ತಾತು. ಹಣ್ಣ ಹಾಕುಮುಂದ ಆಕಿ ಕೈ ಗಡಗಡ ನಡಗಾಕತ್ತಿತ್ತು. ಹಣ್ಣಿನ ಗುಣ ನೋಡಿ ನಾ ಒಲಿ ಹಚ್ಚಲಿಲ್ಲ, ಯವ್ವಾ. ಆ ಕೈ ನೋಡಿ ಹಚ್ಚಿದ್ನಿ."